ನೆಗಡಿಗೆ ಮೂಗು ಕೊಯ್ಯುವುದು ಬೇಡ, ಮೊದಲು ಡಬ್ಬಿ ಬಿಚ್ಚಿ ನೋಡೋಣ

ದ್ವಿತೀಯ ಪಿಯುಸಿ ಸಿಇಬಿಎ ವಿಭಾಗದ ನಾವು ವಾರಕ್ಕೆ ಎರಡು ಸಲ ಕಂಪ್ಯೂಟರ್ ಲ್ಯಾಬಿಗೆ ಹೋಗುತ್ತೇವೆ. ಹೋದ ಕೂಡಲೇ ಎಲ್ಲರೂ ಸ್ವಿಚ್ ಒತ್ತುತ್ತೇವೆ, ಆಮೇಲೆ ಕೈ ಕಟ್ಟಿಕೊಂಡು ಕೂರುತ್ತೇವೆ. ಪರದೆಯ ಮೇಲೆ ಚುಕ್ಕಿಗಳು ಸುತ್ತುತ್ತಲೇ ಇರುತ್ತವೆ. ಕಳೆದ ತಿಂಗಳು ನಾನು ಕೈಗಡಿಯಾರ ನೋಡಿ ಅಳೆದೆ. ಸ್ವಿಚ್ ಒತ್ತಿದಾಗಿನಿಂದ ಮೌಸ್ ನಮ್ಮ ಮಾತು ಕೇಳುವವರೆಗೆ ಏಳು ನಿಮಿಷ. ಪ್ರೋಗ್ರಾಂ ಬರೆಯುವ ಪುಟ ತೆರೆಯಲು ಇನ್ನೆರಡು ನಿಮಿಷ. ವಾರಕ್ಕೆ ಎರಡು ಲ್ಯಾಬ್, ವರ್ಷಕ್ಕೆ ಮೂವತ್ತು ವಾರ ಎಂದು ಹಿಡಿದರೆ ಒಟ್ಟು 540 ನಿಮಿಷ, ಅಂದರೆ ಒಂಬತ್ತು ಗಂಟೆ. ನಮ್ಮ ಪ್ರಾಕ್ಟಿಕಲ್ ಪರೀಕ್ಷೆಗೆ 30 ಅಂಕ. ಅದರ ಅಭ್ಯಾಸಕ್ಕೆಂದು ಇಟ್ಟ ಸಮಯದಲ್ಲಿ ಒಂಬತ್ತು ಗಂಟೆ ಚುಕ್ಕಿ ನೋಡುವುದರಲ್ಲೇ ಕಳೆದುಹೋಗುತ್ತದೆ.

ನನ್ನ ಪಕ್ಕ ಕೂರುವ ಗೆಳತಿ ಎಚ್.ಡಿ.ಕೋಟೆ ಕಡೆಯ ಹಳ್ಳಿಯವಳು. ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಲ್ಯಾಬ್ ಮುಗಿದ ಮೇಲೆ ಹತ್ತು ನಿಮಿಷ ನಿಂತು ಮುಗಿಸೋಣ ಎಂದರೆ ಬಸ್ ಹೋಗಿಬಿಡುತ್ತದೆ. ಸಂಜೆ ಸೈಬರ್ ಸೆಂಟರಿಗೆ ಹೋಗು ಎಂದು ಯಾರೂ ಅವಳಿಗೆ ಹೇಳುವ ಹಾಗಿಲ್ಲ. ಒಂದು ದಿನ ಅವಳು ಟೈಪ್ ಮಾಡಿದ್ದು ಪರದೆಯ ಮೇಲೆ ಬರಲು ತಡವಾಯಿತು. ಮತ್ತೆ ಮತ್ತೆ ಕೀ ಒತ್ತಿದಳು. ಎಲ್ಲ ಅಕ್ಷರಗಳೂ ಒಟ್ಟಿಗೆ ಬಂದು ಬಿದ್ದವು, ಪ್ರೋಗ್ರಾಂ ಕೆಟ್ಟಿತು. "ನಂಗೆ ಈ ಕಂಪ್ಯೂಟರ್ ತಲೆಗೆ ಹತ್ತಲ್ಲ ಕಣೇ" ಎಂದಳು. ಕಾಗದದ ಮೇಲೆ ಅದೇ ಪ್ರೋಗ್ರಾಂ ಅವಳು ಒಂದು ತಪ್ಪಿಲ್ಲದೆ ಬರೆಯುತ್ತಾಳೆ. ಯಂತ್ರದ ನಿಧಾನವನ್ನು ಅವಳು ತನ್ನ ದಡ್ಡತನ ಎಂದುಕೊಂಡಳು. ನಾನು ಈ ಲೇಖನ ಬರೆಯಲು ಕಾರಣ ಆ ಒಂದು ಮಾತು.

ಲ್ಯಾಬಿನ ಕಂಪ್ಯೂಟರುಗಳು ಹಳೆಯವಾದವು, ಹಣ ಕೂಡಿಬಂದಾಗ ಎಲ್ಲವನ್ನೂ ಬದಲಿಸಬೇಕು ಎಂಬ ಮಾತು ಕಾಲೇಜಿನಲ್ಲಿ ಕೇಳಿಬರುತ್ತಿದೆ. ಹೊಸದು ಬಂದರೆ ಯಾರಿಗೆ ಬೇಡ? ಆದರೆ ಹಣ ಕೂಡಿಬರುವ ಹೊತ್ತಿಗೆ ನಾವು ಈ ಕಾಲೇಜಿನಲ್ಲಿ ಇರುವುದಿಲ್ಲ. ಆ ಹಣವನ್ನು ಶುಲ್ಕದ ಜೊತೆ ಸೇರಿಸಿದರೆ ಕೊಡಬೇಕಾದವರು ನಮ್ಮ ಹೆತ್ತವರು. ಪಿರಿಯಾಪಟ್ಟಣ, ಹುಣಸೂರು ಕಡೆಯ ಎಷ್ಟೋ ಮನೆಗಳಲ್ಲಿ ತಂಬಾಕು ಹರಾಜಾಗಿ ದುಡ್ಡು ಬಂದ ಮೇಲೆಯೇ ಕಾಲೇಜಿನ ಶುಲ್ಕದ ಮಾತು. ಹೀಗಾಗಿ ನನ್ನ ಅಭಿಪ್ರಾಯ ಇಷ್ಟು: ಈ ಕಂಪ್ಯೂಟರುಗಳು ಸತ್ತಿಲ್ಲ. ಒಂದೆರಡು ಭಾಗ ಬದಲಿಸಿದರೆ ಇನ್ನೂ ಕೆಲವು ವರ್ಷ ಚೆನ್ನಾಗಿ ಓಡುತ್ತವೆ. ಆ ಕೆಲಸವನ್ನು ಮುಂದಿನ ವರ್ಷಕ್ಕೆ ಬಿಡದೆ ಈಗಲೇ ಮಾಡಬೇಕು.

ಇದನ್ನು ನಾನು ಮನೆಯಲ್ಲಿ ಮಾಡಿ ನೋಡಿಯೇ ಹೇಳುತ್ತಿದ್ದೇನೆ. ನನ್ನ ಮಾಮು ತಮ್ಮ ಅಂಗಡಿಗೆ ಹೊಸ ಕಂಪ್ಯೂಟರ್ ತಂದಾಗ ಹಳೆಯದನ್ನು ನಮಗೆ ಕೊಟ್ಟರು. ಇಂಟೆಲ್ ಐ3, ನಾಲ್ಕನೇ ತಲೆಮಾರಿನದು. 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಆನ್ ಮಾಡಿ ಚಹಾ ಕುಡಿದು ಬಂದರೂ ತಯಾರಾಗಿರುತ್ತಿರಲಿಲ್ಲ. ಒಂದು ಅಂಗಡಿಯಲ್ಲಿ ತೋರಿಸಿದೆವು. ತೆರೆದೂ ನೋಡದೆ, "ಇದರ ಕಾಲ ಮುಗೀತು, ಹೊಸದು ತಗೊಳ್ಳಿ, 36,000 ಆಗುತ್ತೆ" ಎಂದರು. ನನ್ನ ಅಬ್ಬಾ ಇಲ್ಲೇ ಹುಣಸೂರಿನಲ್ಲಿ ಮರಗೆಲಸ ಮಾಡುತ್ತಾರೆ. ಗರಗಸ ಮೊಂಡಾದರೆ ಹಲ್ಲು ಮಸೆಯುತ್ತಾರೆಯೇ ಹೊರತು ಗರಗಸ ಎಸೆಯುವುದಿಲ್ಲ. ಮನೆಗೆ ಬಂದು ಅವರು ಹೇಳಿದ್ದು ಒಂದೇ ಮಾತು: "ಪೈಲೇ ಖೋಲ್‌ಕೇ ದೇಖ್ ಬೇಟಾ." ಮೊದಲು ಬಿಚ್ಚಿ ನೋಡು ಎಂದು.

ಬಿಚ್ಚುವುದಕ್ಕಿಂತ ಮೊದಲು ನೋಡಬೇಕಾದದ್ದು ಇನ್ನೊಂದಿದೆ, ಅದಕ್ಕೆ ಖರ್ಚೂ ಇಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಎಂಬ ಭಾಗ ನೋಡಿ. ನಮ್ಮದರಲ್ಲಿ ಸಿಪಿಯು ಶೇಕಡ 15ರ ಆಸುಪಾಸಿನಲ್ಲಿ ಆರಾಮಾಗಿ ಕೂತಿತ್ತು. ಡಿಸ್ಕ್ ಮಾತ್ರ ಶೇಕಡ 100. ಅಂದರೆ ಕಂಪ್ಯೂಟರಿನ ಮೆದುಳಿಗೆ ವಯಸ್ಸಾಗಿರಲಿಲ್ಲ. ಅದು ಡಿಸ್ಕಿನಿಂದ ಬರಬೇಕಾದ ಮಾಹಿತಿಗೆ ಕಾದು ಕೂತಿತ್ತು. ಮೊನ್ನೆ ಲ್ಯಾಬಿನಲ್ಲಿ ನನ್ನ ಮುಂದಿದ್ದ ಯಂತ್ರದಲ್ಲೂ ಹೀಗೇ ನೋಡಿದೆ. ಅಲ್ಲೂ ಅದೇ ಕಥೆ.

ಹಾರ್ಡ್ ಡಿಸ್ಕಿನೊಳಗೆ ನಿಜವಾಗಿ ತಿರುಗುವ ತಟ್ಟೆಗಳಿವೆ. ಡೆಸ್ಕ್‌ಟಾಪಿನಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 7,200 ಸುತ್ತು. ಕೇಳಲು ಬಹಳ ವೇಗ. ಆದರೆ ಬೇಕಾದ ಮಾಹಿತಿ ಇರುವ ಜಾಗ ಓದುವ ಸೂಜಿಯ ಕೆಳಗೆ ಬರುವವರೆಗೆ ಪ್ರತಿ ಸಲವೂ ಕಾಯಬೇಕು. ಚದುರಿಬಿದ್ದ ಸಣ್ಣ ಸಣ್ಣ ತುಣುಕುಗಳಾದರೆ ಸೆಕೆಂಡಿಗೆ ಸುಮಾರು ನೂರು ಸಲ ಓದಬಲ್ಲದು, ಅಷ್ಟೇ. ವಿಂಡೋಸ್ ಶುರುವಾಗುವಾಗ ಸಾವಿರಾರು ಸಣ್ಣ ಫೈಲುಗಳು ಬೇಕು. ದೊಡ್ಡ ಗೋದಾಮಿಗೆ ಒಬ್ಬನೇ ಹಮಾಲಿ ಇದ್ದು, ಒಂದೊಂದೇ ಮೂಟೆ ಹೊತ್ತು ತಂದ ಹಾಗೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಎಲ್ಲ ಚಿಪ್ಪಿನಲ್ಲಿರುತ್ತದೆ. ಅಂಥ ಸಣ್ಣ ಓದುಗಳನ್ನು ಅದು ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಾಡುತ್ತದೆ. ಹಳೆಯ ಕಂಪ್ಯೂಟರಿಗೆ ಎಸ್‌ಎಸ್‌ಡಿ ಹಾಕಿದರೆ ಹೊಸದರಂತೆ ಅನಿಸುವುದು ಇದರಿಂದಲೇ.

ರ‍್ಯಾಮ್ ಅಂದರೆ ನನಗೆ ಅಬ್ಬಾ ಕೆಲಸ ಮಾಡುವ ಮೇಜು ನೆನಪಾಗುತ್ತದೆ. ಮೇಜು ಚಿಕ್ಕದಿದ್ದರೆ ಉಳಿ ಎತ್ತಿಟ್ಟು ಸುತ್ತಿಗೆ ಇಡಬೇಕು, ಸುತ್ತಿಗೆ ಎತ್ತಿಟ್ಟು ಉಳಿ ಇಡಬೇಕು. ರ‍್ಯಾಮ್ ತುಂಬಿದಾಗ ಕಂಪ್ಯೂಟರ್ ಕೂಡ ಸಾಮಾನನ್ನು ಡಿಸ್ಕಿಗೆ ಎತ್ತಿಡುತ್ತದೆ, ಬೇಕಾದಾಗ ಮತ್ತೆ ತರುತ್ತದೆ. ಮೊದಲೇ ನಿಧಾನವಾದ ಡಿಸ್ಕಿಗೆ ಇದೊಂದು ಹೆಚ್ಚಿನ ಹೊರೆ. 4 ಜಿಬಿ ಇದ್ದದ್ದನ್ನು 8 ಮಾಡಿದರೆ ನಮ್ಮಂಥವರ ಕೆಲಸಕ್ಕೆ ಸಾಕು.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಮೊದಲ ಸಲ ಮೈಸೂರಿನಿಂದ ತಂದ ರ‍್ಯಾಮ್ ಕೂರಲೇ ಇಲ್ಲ. ಒತ್ತಲು ಹೋದೆ, ಅಬ್ಬಾ ಕೈ ಹಿಡಿದರು. ನೋಡಿದರೆ ನಮ್ಮ ಬೋರ್ಡಿಗೆ ಬೇಕಿದ್ದದ್ದು ಡಿಡಿಆರ್3, ನಾನು ತಂದದ್ದು ಡಿಡಿಆರ್4. ಎರಡರಲ್ಲೂ ಕಚ್ಚು ಇರುವ ಜಾಗ ಬೇರೆ, ಒಂದರ ಬದಲು ಇನ್ನೊಂದು ಕೂರುವುದಿಲ್ಲ. ಲ್ಯಾಪ್‌ಟಾಪಿನ ರ‍್ಯಾಮ್ ಇವೆರಡಕ್ಕಿಂತ ಗಿಡ್ಡ. ಬದಲಿಸಿ ತರಲು ಇನ್ನೊಂದು ಸಲ ಬಸ್ ಚಾರ್ಜ್ ದಂಡವಾಯಿತು. ಹಳೆಯ ರ‍್ಯಾಮ್ ಬಿಚ್ಚಿ ಕೈಯಲ್ಲಿ ಹಿಡಿದು ಅಂಗಡಿಗೆ ಹೋಗಬೇಕಿತ್ತು ಎಂದು ಆಮೇಲೆ ಬುದ್ಧಿ ಬಂತು.

ಕಾಮರ್ಸ್ ವಿದ್ಯಾರ್ಥಿನಿಯಾಗಿ ಲೆಕ್ಕ ಕೊಡದಿದ್ದರೆ ಹೇಗೆ? 240 ಜಿಬಿ ಎಸ್‌ಎಸ್‌ಡಿಗೆ 1,700 ರೂಪಾಯಿ. ಸೆಕೆಂಡ್ ಹ್ಯಾಂಡ್ 4 ಜಿಬಿ ರ‍್ಯಾಮ್‌ಗೆ 500. ಕೇಬಲ್‌ಗೆ 120. ಮದರ್‌ಬೋರ್ಡಿನ ಬಿಲ್ಲೆ ಸೆಲ್, ಅಂದರೆ ಸಿ.ಆರ್.2032, ಅದಕ್ಕೆ 30. ಒಟ್ಟು 2,350. ಈ ಮೂವತ್ತು ರೂಪಾಯಿಯ ಸೆಲ್ಲನ್ನು ಹಗುರವಾಗಿ ಕಾಣಬೇಡಿ. ಅದು ಸತ್ತರೆ ಕರೆಂಟ್ ಹೋದಾಗಲೆಲ್ಲ ಕಂಪ್ಯೂಟರ್ ತಾರೀಖು ಮರೆಯುತ್ತದೆ, ತಾರೀಖು ತಪ್ಪಾದರೆ ಎಷ್ಟೋ ವೆಬ್‌ಸೈಟ್ ತೆರೆಯುವುದೇ ಇಲ್ಲ. ಫೈಲುಗಳನ್ನೆಲ್ಲ ಮೊದಲು ಪೆನ್‌ಡ್ರೈವಿಗೆ ತುಂಬಿಕೊಂಡು, ಹೊಸ ಡಿಸ್ಕಿಗೆ ವಿಂಡೋಸ್ ಹೊಸದಾಗಿ ಹಾಕಿದೆ. ಈಗ ನಮ್ಮ ಕಂಪ್ಯೂಟರ್ ಅರ್ಧ ನಿಮಿಷದೊಳಗೆ ತಯಾರು. ಅಮ್ಮಿ ಈಗ ಚಹಾ ಮಾಡಲು ಪುರುಸೊತ್ತೇ ಇಲ್ಲ ಎಂದು ನಗುತ್ತಾರೆ.

ಇದನ್ನು ಲ್ಯಾಬಿಗೆ ಹಚ್ಚಿ ನೋಡಿ. ಇಪ್ಪತ್ತು ಹೊಸ ಕಂಪ್ಯೂಟರಿಗೆ 36,000ದಂತೆ 7,20,000 ರೂಪಾಯಿ. ಇಪ್ಪತ್ತು ಹಳೆಯದಕ್ಕೆ ಈ ರಿಪೇರಿ ಮಾಡಿದರೆ ನನ್ನ ಬಿಲ್ಲಿನ ಪ್ರಕಾರ 47,000. ನಾನು ಕೊಂಡದ್ದು 2025ರ ಬೇಸಿಗೆ ರಜೆಯಲ್ಲಿ. ಆ ವರ್ಷದ ಕೊನೆಯಿಂದ ಮೆಮೊರಿ ಚಿಪ್ಪುಗಳ ಬೆಲೆ ಏರಿದೆ, ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳಿಂದ ಬೇಡಿಕೆ ಅಷ್ಟಿದೆ. ಅರ್ಥಶಾಸ್ತ್ರದ ಬೇಡಿಕೆ-ಪೂರೈಕೆ ಪಾಠ ನಮ್ಮ ಲ್ಯಾಬಿನ ಬಾಗಿಲಿಗೇ ಬಂದಿದೆ! ಖರ್ಚು ಇಮ್ಮಡಿಯಾಯಿತು ಎಂದೇ ಇಟ್ಟುಕೊಳ್ಳಿ, 94,000. ಆಗಲೂ ಮೂರು ಹೊಸ ಕಂಪ್ಯೂಟರಿನ ಬೆಲೆಗಿಂತ ಕಡಿಮೆ. ಎರಡೂ ಒಟ್ಟಿಗೆ ಆಗದಿದ್ದರೆ ಮೊದಲು ಎಸ್‌ಎಸ್‌ಡಿ ಹಾಕಲಿ, ರ‍್ಯಾಮ್ ಆಮೇಲೆ.

ನಮ್ಮ ಅಕೌಂಟೆನ್ಸಿ ಪುಸ್ತಕದ ಸವಕಳಿ ಪಾಠ ಇಲ್ಲಿ ಅಡ್ಡ ಬರಬಹುದು. ಆದಾಯ ತೆರಿಗೆಯ ಲೆಕ್ಕದಲ್ಲಿ ಕಂಪ್ಯೂಟರಿಗೆ ವರ್ಷಕ್ಕೆ ಶೇಕಡ 40 ಸವಕಳಿ, ಅದೂ ಇಳಿಯುವ ಬೆಲೆಯ ಮೇಲೆ. 40,000ಕ್ಕೆ ಕೊಂಡದ್ದು ಐದು ವರ್ಷಕ್ಕೆ ಪುಸ್ತಕದಲ್ಲಿ ಸುಮಾರು 3,110 ರೂಪಾಯಿ ಮಾತ್ರ. 3,110ರ ವಸ್ತುವಿಗೆ 2,350 ಹಾಕುವುದೇ ಎಂದು ಯಾರಾದರೂ ಕೇಳಬಹುದು. ಪುಸ್ತಕದ ಬೆಲೆ ಬೇರೆ, ಕೆಲಸದ ಬೆಲೆ ಬೇರೆ. ಯಂತ್ರದ ಸಾಮರ್ಥ್ಯ ಹೆಚ್ಚಿಸುವ ಖರ್ಚನ್ನು ಬಂಡವಾಳ ವೆಚ್ಚ ಎಂದು ಅದೇ ಪುಸ್ತಕ ಕಲಿಸುತ್ತದೆ. ಅಬ್ಬಾ ಹೇಳುವ ಫಿಜೂಲ್ ಖರ್ಚಿನ ಪಟ್ಟಿಗೆ ಇದು ಸೇರುವುದಿಲ್ಲ.

ಎದುರು ಮಾತುಗಳಲ್ಲಿ ನ್ಯಾಯವಾದವೂ ಇವೆ. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಅದರ ಮೇಲಿನ ಪ್ರೊಸೆಸರ್ ಬೇಕು. ಅದಕ್ಕಿಂತ ಹಳೆಯ ಯಂತ್ರವನ್ನು ವೇಗ ಮಾಡಬಹುದು, ಆದರೆ ಹಳೆಯ ವಿಂಡೋಸಿನಲ್ಲೇ ಇಂಟರ್ನೆಟ್ಟಿಗೆ ಜೋಡಿಸುವುದು ಸುರಕ್ಷಿತವಲ್ಲ, ನಿಜ. ಅಂಥವುಗಳಲ್ಲಿ ಉಬುಂಟು ಹಾಕಬಹುದು, ಅದು ಉಚಿತ. ಎಚ್.ಡಿ.ಕೋಟೆಯಿಂದ ಬಾವಲಿ ದಾಟಿದರೆ ಕೇರಳದ ವಯನಾಡು. ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಎಷ್ಟೋ ವರ್ಷಗಳಿಂದ ಉಚಿತ ಲಿನಕ್ಸಿನಲ್ಲೇ ಕಲಿಯುತ್ತಿದ್ದಾರೆ. ಪ್ರೋಗ್ರಾಮಿಂಗ್ ಅಭ್ಯಾಸಕ್ಕೆ ನಮಗೂ ಅದು ಸಾಕು. ಟ್ಯಾಲಿಗೆ ವಿಂಡೋಸ್ ಬೇಕು. ಅದಕ್ಕೆಂದು ಐದಾರು ಯಂತ್ರಗಳನ್ನು ಇಂಟರ್ನೆಟ್ ಇಲ್ಲದೆ ಬೇರೆಯಾಗಿಯೇ ಇಟ್ಟರಾಯಿತು.

ಮದರ್‌ಬೋರ್ಡೇ ಹೋಗಿದ್ದರೆ, ಯಂತ್ರ ಪದೇ ಪದೇ ತಾನಾಗಿ ಆಫ್ ಆಗುತ್ತಿದ್ದರೆ ಅದರ ಮೇಲೆ ದುಡ್ಡು ಸುರಿಯುವುದು ನನಗೂ ಒಪ್ಪಿಗೆಯಿಲ್ಲ. ಆದರೆ ಸತ್ತ ಯಂತ್ರದ ರ‍್ಯಾಮ್ ಬದುಕಿರುವುದಕ್ಕೆ ಬರುತ್ತದೆ. ಲ್ಯಾಬಿನ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿರುವ ಯಂತ್ರಗಳಲ್ಲಿ ಏನಿದೆ ಎಂದು ಮೊದಲು ನೋಡೋಣ. ಕೊನೆಗೆ ಉಳಿದದ್ದು ಇ-ತ್ಯಾಜ್ಯ. ಅದರಲ್ಲಿ ಸೀಸದಂಥ ವಿಷವಸ್ತುಗಳಿರುತ್ತವೆ, ಗುಜರಿಗೆ ಹಾಕುವಂತಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಾಯಿತ ಮರುಬಳಕೆದಾರರಿಗೇ ಸೇರಬೇಕು.

ಪ್ರಾಂಶುಪಾಲರಲ್ಲಿ, ಆಡಳಿತ ಮಂಡಳಿಯ ಹಿರಿಯರಲ್ಲಿ ನನ್ನ ವಿನಂತಿ ದೊಡ್ಡದಲ್ಲ. ಇಪ್ಪತ್ತೂ ಬೇಡ, ಮೊದಲು ಎರಡು ಯಂತ್ರಗಳಿಗೆ ಮಾಡಿ ನೋಡೋಣ. ಲ್ಯಾಬಿನ ಸರ್ ಮುಂದೆ ನಿಲ್ಲಲಿ. ಪ್ಲಗ್ ತೆಗೆದು, ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿ ಕೈಯ ಸ್ಥಿರ ವಿದ್ಯುತ್ ಕಳೆದು, ಸ್ಕ್ರೂ ಬಿಚ್ಚುವ ಕೆಲಸ ನಾವು ಮಾಡುತ್ತೇವೆ. ವಾರಂಟಿ ಇರುವ ಯಂತ್ರವನ್ನು ಮುಟ್ಟುವುದಿಲ್ಲ. ಯಾವ ಯಂತ್ರದಲ್ಲಿ ಯಾವ ರ‍್ಯಾಮ್, ಯಾವ ಡಿಸ್ಕ್, ಯಾವ ತಲೆಮಾರಿನ ಪ್ರೊಸೆಸರ್ ಎಂದು ಒಂದು ರಿಜಿಸ್ಟರ್ ಬರೆಯುತ್ತೇವೆ. ಬರೆಯುವವರು ಕಾಮರ್ಸಿನವರಾದ್ದರಿಂದ ಲೆಕ್ಕ ತಪ್ಪುವುದಿಲ್ಲ. ಎರಡರ ಫಲ ನೋಡಿ ಉಳಿದ ಹದಿನೆಂಟರ ಮಾತು.

ಬಿಚ್ಚುವ ದಿನ ಹುಡುಗಿಯರೂ ಇರಬೇಕು ಎಂಬುದು ನನ್ನ ಇನ್ನೊಂದು ವಿನಂತಿ. ಎಚ್.ಡಿ.ಕೋಟೆಯ ನನ್ನ ಗೆಳತಿಯ ಕೈಗೆ ಸ್ಕ್ರೂಡ್ರೈವರ್ ಕೊಡಬೇಕೆಂದಿದ್ದೇನೆ. ಡಬ್ಬಿಯೊಳಗೆ ಎಲ್ಲಿ ತಡವಾಗುತ್ತಿತ್ತು ಎಂಬುದನ್ನು ಅವಳು ಕಣ್ಣಾರೆ ನೋಡಲಿ. ಶನಿವಾರ ಅರ್ಧ ದಿನ ಮುಗಿದ ಮೇಲೆ ಮಾಡಿದರೆ ಅವಳಿಗೆ ಮಧ್ಯಾಹ್ನದ ಬಸ್ಸೂ ಸಿಗುತ್ತದೆ. ಅಬ್ಬಾನ ಸ್ಕ್ರೂಡ್ರೈವರ್ ಸೆಟ್ ತರುವ ಜವಾಬ್ದಾರಿ ನನ್ನದು.