ಮೆಗಾವಾಟ್ ಲೆಕ್ಕಕ್ಕೆ ಸಿಗದ ಗಂಟೆಗಳು

2023ರ ಅಕ್ಟೋಬರ್‌ನಲ್ಲಿ ವಿಜಯಪುರ ಜಿಲ್ಲೆಯ ರೋಣಿಹಾಳದ ರೈತರು ಹೆಸ್ಕಾಂ ಉಪಕೇಂದ್ರಕ್ಕೆ ಮೊಸಳೆಯೊಂದನ್ನು ಟ್ರ್ಯಾಕ್ಟರ್‌ನಲ್ಲಿ ಹೇರಿಕೊಂಡು ಬಂದರು. ರಾತ್ರಿ ಹೊಲದಲ್ಲಿ ಸಿಕ್ಕಿದ್ದ ಮೊಸಳೆ ಅದು. ಪಂಪ್‌ಸೆಟ್‌ಗೆ ಬೇಕಾದ ತ್ರೀ ಫೇಸ್ ಕರೆಂಟ್ ಕೊಡುವುದೇ ರಾತ್ರಿ. ನೀರು ಹಾಯಿಸಲು ಹೋದವರಿಗೆ ಹಾವು, ಚೇಳು, ಮೊಸಳೆ ಕಚ್ಚಿದರೆ ಹೊಣೆ ಯಾರದು ಎಂಬುದು ಅವರ ಪ್ರಶ್ನೆ. ಅರಣ್ಯ ಇಲಾಖೆಯವರು ಬಂದು ಮೊಸಳೆಯನ್ನು ಒಯ್ದರು. ಪ್ರಶ್ನೆ ಉಪಕೇಂದ್ರದ ಅಂಗಳದಲ್ಲೇ ಉಳಿಯಿತು.

ರೋಣಿಹಾಳ ಇರುವ ಜಿಲ್ಲೆಯಲ್ಲೇ ಕೂಡಗಿಯೂ ಇದೆ. ಅಲ್ಲಿ ಎನ್‌ಟಿಪಿಸಿಯ 2,400 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ ನಿಂತಿದೆ. ಸ್ಥಾವರ ಬೇಡವೆಂದು 2014ರ ಜುಲೈನಲ್ಲಿ ರೈತರು ಬೀದಿಗಿಳಿದಾಗ ಪೊಲೀಸರು ಗುಂಡು ಹಾರಿಸಿದ್ದರು. ಅದೇ ಜಿಲ್ಲೆಯ ಗಡಿಯಲ್ಲಿ ಆಲಮಟ್ಟಿ ಅಣೆಕಟ್ಟು, ಅದಕ್ಕೊಂದು 290 ಮೆಗಾವಾಟ್ ಜಲವಿದ್ಯುದಾಗಾರ. ಇಷ್ಟೊಂದು ವಿದ್ಯುತ್ ಹುಟ್ಟುವ ಜಿಲ್ಲೆಯ ರೈತನಿಗೆ ಹಗಲು ಐದು ತಾಸು ಕರೆಂಟ್ ಸಿಗಲಿಲ್ಲ.

ಇದನ್ನು ಬರಗಾಲದ ವರ್ಷದ ಅಪವಾದ ಎಂದು ಬದಿಗಿಡುವುದು ಸುಲಭ. ಆದರೆ ಮಳೆ ಕೈಕೊಟ್ಟರೆ ವಿದ್ಯುತ್ ಕಡಿಮೆಯಾಗುತ್ತದೆ, ಅಷ್ಟೆ. ಆ ಕಡಿಮೆಯನ್ನು ಯಾರ ಪಾಲಿಗೆ, ದಿನದ ಯಾವ ಹೊತ್ತಿಗೆ ಕಟ್ಟಬೇಕು ಎಂದು ನಿರ್ಧರಿಸುವುದು ಸರ್ಕಾರ. ಈ ನಿರ್ಧಾರದ ಬಗ್ಗೆ ವಿಧಾನಸೌಧದಲ್ಲೂ ಸಂಸತ್ತಿನಲ್ಲೂ ನಡೆಯುವ ಚರ್ಚೆ ಅತ್ಯಲ್ಪ. ಎರಡೂ ಕಡೆ ಕೇಳಿಬರುವುದು ಎಷ್ಟು ಮೆಗಾವಾಟ್ ಸೇರಿಸಿದೆವು ಎಂಬ ಲೆಕ್ಕ.

ಆ ಲೆಕ್ಕವನ್ನೇ ನೋಡೋಣ. 2023ರ ಹೊತ್ತಿಗೆ ಕರ್ನಾಟಕದ ಸ್ಥಾಪಿತ ಸಾಮರ್ಥ್ಯ 30 ಸಾವಿರ ಮೆಗಾವಾಟ್ ದಾಟಿತ್ತು. ಆ ಅಕ್ಟೋಬರ್‌ನ ಗರಿಷ್ಠ ಬೇಡಿಕೆ 16 ಸಾವಿರದ ಆಸುಪಾಸು. ಕಾಗದದ ಮೇಲೆ ಬೇಡಿಕೆಯ ಸುಮಾರು ಇಮ್ಮಡಿ ಸಾಮರ್ಥ್ಯವಿದ್ದೂ ಲೋಡ್ ಶೆಡ್ಡಿಂಗ್ ಬಂತು. ಕಾರಣ ಗುಟ್ಟಿನದೇನಲ್ಲ. ಆ ವರ್ಷದ ಆಗಸ್ಟ್ ದೇಶದಲ್ಲಿ ಶತಮಾನಕ್ಕೂ ಹೆಚ್ಚಿನ ಅವಧಿಯಲ್ಲೇ ಅತಿ ಕಡಿಮೆ ಮಳೆಯ ಆಗಸ್ಟ್. ಲಿಂಗನಮಕ್ಕಿ ಜಲಾಶಯ ತುಂಬಲಿಲ್ಲ. ಹೀಗಾಗಿ 1,035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರವನ್ನು ಬೇಸಿಗೆಗೆಂದು ಕೈಬಿಗಿ ಹಿಡಿದು ನಡೆಸಬೇಕಾಯಿತು. ಮುಂಗಾರು ಮುಗಿದ ಮೇಲೆ ಗಾಳಿಯೂ ಇಳಿಯಿತು. ಸೂರ್ಯ ಮುಳುಗಿದ ಕೂಡಲೇ ಸೌರ ವಿದ್ಯುತ್ ಸೊನ್ನೆ. ಉಳಿದದ್ದು ಕಲ್ಲಿದ್ದಲು ಮತ್ತು ಕೈಗಾದ ಅಣುವಿದ್ಯುತ್. ಮಳೆಯಿಲ್ಲದ ಹೊಲಕ್ಕೆ ಕೊಳವೆಬಾವಿಯಿಂದಲೇ ನೀರೆತ್ತಬೇಕಾದ್ದರಿಂದ ಪಂಪ್‌ಸೆಟ್‌ಗಳ ಬೇಡಿಕೆ ಏರಿದ್ದೂ ಇದೇ ಹೊತ್ತಿನಲ್ಲಿ.

ಸರ್ಕಾರ ಆಗ 2003ರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿತು. ರಾಜ್ಯದ ಖಾಸಗಿ ಉತ್ಪಾದಕರು ತಮ್ಮ ವಿದ್ಯುತ್ತನ್ನು ಹೊರಗೆ ಮಾರದೆ ರಾಜ್ಯದ ಗ್ರಿಡ್‌ಗೇ ಕೊಡಬೇಕೆಂದು ಆದೇಶಿಸಿತು. ಉತ್ತರ ಪ್ರದೇಶ ಮತ್ತು ಪಂಜಾಬ್‌ನಿಂದ ವಿನಿಮಯದ ಮೇಲೆ ವಿದ್ಯುತ್ ತಂದಿತು. ಮಳೆಗಾಲದಲ್ಲಿ ಹಿಂದಿರುಗಿಸುವ ಕೈಗಡ ಅದು. ರೈತರಿಗೆ ಐದು ಗಂಟೆಯ ಭರವಸೆ, ಪ್ರತಿಭಟನೆ ಹೆಚ್ಚಾದ ಮೇಲೆ ನವೆಂಬರ್‌ನಲ್ಲಿ ಏಳು ಗಂಟೆಯ ಭರವಸೆ. ಸರ್ಕಾರ ಸುಮ್ಮನೆ ಕೂತಿರಲಿಲ್ಲ. ಆದರೆ ಕೈಗೊಂಡದ್ದೆಲ್ಲ ಮನೆಗೆ ಬೆಂಕಿ ಬಿದ್ದಾಗ ತೋಡಿದ ಬಾವಿ.

ಇದಕ್ಕೆ ಮೂರು ವರ್ಷ ಹಿಂದೆ ಹೋದರೆ ಚಿತ್ರ ತಲೆಕೆಳಗಾಗಿತ್ತು. ಕರ್ನಾಟಕ ಆಗ ‘ಮಿಗತೆ ರಾಜ್ಯ’. ಬೇಡಿಕೆಯಿಲ್ಲವೆಂದು ರಾಯಚೂರು, ಬಳ್ಳಾರಿ, ಯರಮರಸ್‌ನ ಉಷ್ಣ ಘಟಕಗಳನ್ನು ತಿಂಗಳುಗಟ್ಟಲೆ ನಿಲ್ಲಿಸಿಟ್ಟ ಕಾಲ ಅದು. ನಿಂತ ಘಟಕವೂ ಪುಕ್ಕಟೆಯಲ್ಲ. ಖರೀದಿ ಒಪ್ಪಂದದ ಪ್ರಕಾರ ಒಂದು ಯೂನಿಟ್ ಕೊಳ್ಳದಿದ್ದರೂ ಹೆಸ್ಕಾಂನಂಥ ವಿತರಣಾ ಕಂಪನಿಗಳು, ಅಂದರೆ ಎಸ್ಕಾಂಗಳು, ನಿಗದಿತ ಶುಲ್ಕ ತೆರಬೇಕು. ಆ ಹಣ ಬರುವುದು ಗ್ರಾಹಕರ ಬಿಲ್‌ನಿಂದ. ಹೀಗೆ ಒಂದೇ ರಾಜ್ಯ ಮೊದಲು ಬಳಸದ ವಿದ್ಯುತ್ತಿಗೆ ದುಡ್ಡು ತೆತ್ತು, ಆಮೇಲೆ ಇಲ್ಲದ ವಿದ್ಯುತ್ತಿಗಾಗಿ ಊರೂರು ಅಲೆಯಿತು. ವರ್ಷಕ್ಕಿಷ್ಟು, ಒಟ್ಟು ಇಷ್ಟು ಎಂಬ ಯೋಜನೆಗೆ ಈ ಎರಡು ತುದಿಗಳ ನಡುವಿನ ಓಲಾಟ ಕಾಣುವುದಿಲ್ಲ. ಅದು ಕಾಣಬೇಕಾದರೆ ದಿನದ 24 ಗಂಟೆಯನ್ನೂ ಬಿಡಿಬಿಡಿಯಾಗಿ ನೋಡಬೇಕು.

ಹಾಗೆ ನೋಡಲು ವಿದ್ಯುತ್ ವಿನಿಮಯ ಕೇಂದ್ರದ ಧಾರಣೆಪಟ್ಟಿ ಸಾಕು. ಬಿಸಿಲೇರಿದ ಮಧ್ಯಾಹ್ನ ಯೂನಿಟ್‌ಗೆ ಎರಡು ರೂಪಾಯಿಗಿಂತ ಕೆಳಗೂ ಇಳಿಯುವ ಬೆಲೆ, ಬೇಡಿಕೆ ಬಿಗಿಯಾದ ಸಂಜೆಗಳಲ್ಲಿ 10 ರೂಪಾಯಿಯ ಮಿತಿಗೆ ಹೋಗಿ ತಾಗುತ್ತದೆ. ಮಿತಿ ಇಲ್ಲದಿದ್ದರೆ ಇನ್ನೂ ಏರೀತು. ಪಾವಗಡದ 13 ಸಾವಿರ ಎಕರೆಯಲ್ಲಿ ಹಬ್ಬಿರುವ 2,050 ಮೆಗಾವಾಟ್ ಸೌರ ಪಾರ್ಕ್ ಅಗ್ಗದ ಹೊತ್ತಿನಲ್ಲಿ ತುಂಬಿ ಹರಿಯುತ್ತದೆ, ದುಬಾರಿ ಹೊತ್ತಿನಲ್ಲಿ ಬತ್ತುತ್ತದೆ. ಅದು ಪಾರ್ಕ್‌ನ ದೋಷವಲ್ಲ. ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳದೆ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಂತೆ ಗುತ್ತಿಗೆ ಪಡೆದು ಕಟ್ಟಿದ ಈ ಯೋಜನೆ, ಕೂಲಿ ಕಳೆದುಕೊಂಡ ಭೂರಹಿತರನ್ನು ಮರೆತಿತು ಎಂಬುದನ್ನು ಬಿಟ್ಟರೆ, ಹಲವು ಬಗೆಯಲ್ಲಿ ಮಾದರಿಯೇ. ದೋಷ ಇರುವುದು ಪ್ಯಾನೆಲ್ ಜೊತೆಗೇ ಸಂಗ್ರಹಣೆಯನ್ನೂ ಕಟ್ಟದ ನೀತಿಯಲ್ಲಿ.

ರಾಷ್ಟ್ರಮಟ್ಟದಲ್ಲೂ ಇದೇ ಕಥೆ. 2030ರ ಹೊತ್ತಿಗೆ ಪಳೆಯುಳಿಕೆ ಇಂಧನವಲ್ಲದ ಮೂಲಗಳಿಂದ 500 ಗಿಗಾವಾಟ್ ಸಾಮರ್ಥ್ಯ ಎಂದು 2021ರಲ್ಲಿ ಗ್ಲಾಸ್ಗೊ ಸಮಾವೇಶದಲ್ಲಿ ಭಾರತ ಘೋಷಿಸಿತು. ಒಟ್ಟು ಸ್ಥಾಪಿತ ಸಾಮರ್ಥ್ಯದಲ್ಲಿ ಇಂಥ ಮೂಲಗಳ ಪಾಲು 2025ರ ಮಧ್ಯಭಾಗಕ್ಕೇ ಅರ್ಧಕ್ಕೆ ಮುಟ್ಟಿತು. ಅದು ನಿಜವಾದ ಸಾಧನೆ, ಅಲ್ಲಗಳೆಯುವಂಥದ್ದಲ್ಲ. ಆದರೆ ದೇಶ ನಿಜಕ್ಕೂ ಬಳಸುವ ಯೂನಿಟ್‌ಗಳಲ್ಲಿ ಸುಮಾರು ಮುಕ್ಕಾಲು ಪಾಲು ಈಗಲೂ ಕಲ್ಲಿದ್ದಲಿನದೇ. ಗುರಿಯನ್ನು ಸಾಮರ್ಥ್ಯದಲ್ಲಿ ಹೇಳಿದ್ದರಿಂದ ಎಲ್ಲರೂ ಸಾಮರ್ಥ್ಯವನ್ನೇ ಕಟ್ಟಿದರು. ತಂತಿ ಎಳೆಯುವ ಕೆಲಸ ಹಿಂದೆ ಬಿತ್ತು. ರಾಜಸ್ಥಾನದಲ್ಲಿ ಸಿದ್ಧವಾದ ಸೌರ ಸ್ಥಾವರಗಳ ವಿದ್ಯುತ್ತನ್ನು ಸಾಗಿಸಲು ಮಾರ್ಗ ಸಾಲದೆ ಉತ್ಪಾದನೆ ತಗ್ಗಿಸಬೇಕಾಗಿ ಬಂದದ್ದು ಇದಕ್ಕೆ ಸಾಕ್ಷಿ.

ತಂತಿಯ ಬೆಲೆ ಏನೆಂದು ದಕ್ಷಿಣದವರಿಗೆ ಹೇಳಿಕೊಡಬೇಕಿಲ್ಲ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಗ್ರಿಡ್ ಕುಸಿದು, ಎರಡನೆಯ ದಿನ 60 ಕೋಟಿಗೂ ಹೆಚ್ಚು ಜನರ ಬದುಕು ಕತ್ತಲಾದಾಗ ದಕ್ಷಿಣ ಭಾರತ ಪಾರಾಯಿತು. ತಾಲ್ಚೇರ್–ಕೋಲಾರದಂಥ ಕೆಲವೇ ಡಿಸಿ ಮಾರ್ಗಗಳ ಮೂಲಕ ಮಾತ್ರ ಉಳಿದ ದೇಶಕ್ಕೆ ಹೊಂದಿಕೊಂಡಿದ್ದುದು ಅಂದು ವರವಾಯಿತು. ಉಳಿದ ದಿನಗಳಲ್ಲಿ ಅದೇ ಶಾಪ. ಉತ್ತರದಲ್ಲಿ ಅಗ್ಗದ ವಿದ್ಯುತ್ ಇದ್ದರೂ ತರಲು ದಾರಿಯಿಲ್ಲದೆ ದಕ್ಷಿಣದ ರಾಜ್ಯಗಳು ವಿನಿಮಯ ಕೇಂದ್ರದಲ್ಲಿ ಹೆಚ್ಚು ದರ ಕೊಡುತ್ತಿದ್ದವು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆ.ವಿ. ಮಾರ್ಗ ಚಾಲೂ ಆಗಿ ಇಡೀ ದೇಶ ಒಂದೇ ಗ್ರಿಡ್ ಆಯಿತು. 2023ರಲ್ಲಿ ಪಂಜಾಬ್‌ನ ವಿದ್ಯುತ್ ಕರ್ನಾಟಕಕ್ಕೆ ಹರಿದುಬರಲು ಸಾಧ್ಯವಾದದ್ದು ಆ ಒಂದು ಗ್ರಿಡ್‌ನಿಂದ.

ವಿದ್ಯುತ್ ಸಂವಿಧಾನದ ಸಮವರ್ತಿ ಪಟ್ಟಿಯ ವಿಷಯ. ಅಂದರೆ ಹೊಣೆ ಇಬ್ಬರದೂ, ದೂರು ಮಾತ್ರ ಇನ್ನೊಬ್ಬರ ಮೇಲೆ. ಕಲ್ಲಿದ್ದಲು ಕೇಂದ್ರದ ಕೈಯಲ್ಲಿ. ಕರೆಂಟ್ ಹೋದಾಗ ಬೈಸಿಕೊಳ್ಳುವುದು ರಾಜ್ಯ. 2014ರಲ್ಲಿ ಸುಪ್ರೀಂ ಕೋರ್ಟ್ 204 ಕಲ್ಲಿದ್ದಲು ನಿಕ್ಷೇಪಗಳ ಹಂಚಿಕೆಯನ್ನು ರದ್ದುಪಡಿಸಿದಾಗ, ಬಳ್ಳಾರಿ ಸ್ಥಾವರಕ್ಕೆ ಕಲ್ಲಿದ್ದಲು ಕೊಡುತ್ತಿದ್ದ ಮಹಾರಾಷ್ಟ್ರದ ಬರಾಂಜ್ ಗಣಿಯೂ ಕರ್ನಾಟಕದ ಕೈತಪ್ಪಿತು. 2022ರಲ್ಲಿ ದೇಶೀಯ ಕಲ್ಲಿದ್ದಲು ಸಾಲದಾದಾಗ ಆಮದು ಕಲ್ಲಿದ್ದಲನ್ನು ಶೇ 10ರಷ್ಟು ಬೆರೆಸಿ ಎಂದು ಕೇಂದ್ರ ಹೇಳಿತು. ಅದರ ಹೆಚ್ಚುವರಿ ವೆಚ್ಚ ಬಂದು ಬಿದ್ದದ್ದು ಗ್ರಾಹಕರ ಮೇಲೆ. ರಾಜ್ಯಗಳ ದೂರಿನಲ್ಲಿ ಹುರುಳಿದೆ. ಆದರೆ ಎಸ್ಕಾಂಗಳ ಲೆಕ್ಕಪತ್ರದತ್ತ ಬಂದರೆ ರಾಜ್ಯಗಳಿಗೂ ದೆಹಲಿಯತ್ತ ಬೆರಳು ತೋರಿಸುವುದು ಕಷ್ಟ.

ಕರ್ನಾಟಕದಲ್ಲಿ 30 ಲಕ್ಷಕ್ಕೂ ಹೆಚ್ಚು ಕೃಷಿ ಪಂಪ್‌ಸೆಟ್‌ಗಳಿವೆ. ಮಾರಾಟವಾಗುವ ವಿದ್ಯುತ್ತಿನಲ್ಲಿ ಸುಮಾರು ಮೂರನೇ ಒಂದು ಪಾಲು ಅವುಗಳಿಗೆ. 10 ಎಚ್‌ಪಿ ವರೆಗಿನ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತ. ಇದನ್ನು ಕೊಡಬಾರದೆಂದು ವಾದಿಸುವವರು ಒಂದು ಮಾತು ಮರೆಯುತ್ತಾರೆ: ನಾಲೆ ನೀರು ಸಿಗುವ ರೈತ ಅಲ್ಪ ದರದಲ್ಲಿ ಸರ್ಕಾರಿ ಅಣೆಕಟ್ಟಿನ ಲಾಭ ಪಡೆಯುವಾಗ, ಕೋಲಾರದ ರೈತ ಸಾಲ ಮಾಡಿ ಸಾವಿರ ಅಡಿ ಕೊರೆಸಬೇಕು. ಉಚಿತ ವಿದ್ಯುತ್ ಆ ಅಸಮಾನತೆಯನ್ನು ಸ್ವಲ್ಪವಾದರೂ ಸರಿದೂಗಿಸುತ್ತದೆ. ತಕರಾರು ಇರಬೇಕಾದದ್ದು ಮೀಟರ್ ಇಲ್ಲದಿರುವುದರ ಬಗ್ಗೆ. 2003ರ ಕಾಯ್ದೆಯ 55ನೇ ಸೆಕ್ಷನ್ ಎರಡು ವರ್ಷಗಳ ನಂತರ ಮೀಟರ್ ಇಲ್ಲದೆ ಯಾರಿಗೂ ವಿದ್ಯುತ್ ಕೊಡಬಾರದೆಂದು ಹೇಳಿತು. ಎರಡು ದಶಕ ಕಳೆದರೂ ಬಹುಪಾಲು ಪಂಪ್‌ಸೆಟ್‌ಗಳ ಬಳಕೆ ಅಂದಾಜಿನ ಮೇಲೆಯೇ ನಿಂತಿದೆ. ಅಂದಾಜಿನ ಅಂಕಿಯೊಳಗೆ ಕಳ್ಳತನ, ಹಳೆಯ ತಂತಿಯ ಸೋರಿಕೆ, ಅಧಿಕಾರಿಗಳ ಉದಾಸೀನ ಎಲ್ಲವೂ ರೈತನ ಹೆಸರಿನಲ್ಲಿ ಅಡಗಿ ಕೂರಬಹುದು. ಬೈಗುಳ ರೈತನಿಗೆ, ಲಾಭ ಬೇರೆಯವರಿಗೆ.

2023ರಲ್ಲಿ ಶುರುವಾದ, ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿಯನ್ನೂ ಸೇರಿಸಿದರೆ ಸರ್ಕಾರ ವಿದ್ಯುತ್ ಸಹಾಯಧನವೆಂದು ಎಸ್ಕಾಂಗಳಿಗೆ ಕಟ್ಟಿಕೊಡಬೇಕಾದ ಮೊತ್ತ ವರ್ಷಕ್ಕೆ 20 ಸಾವಿರ ಕೋಟಿ ರೂಪಾಯಿ ಮೀರುತ್ತದೆ. ಬಜೆಟ್‌ನಲ್ಲಿ ಘೋಷಿಸಿದ ಹಣ ಸಮಯಕ್ಕೆ ಕೈಸೇರದಿದ್ದರೆ ಎಸ್ಕಾಂ ಸಾಲ ಮಾಡುತ್ತದೆ, ಟ್ರಾನ್ಸ್‌ಫಾರ್ಮರ್ ಬದಲಿಸುವುದನ್ನು ಮುಂದೂಡುತ್ತದೆ. ಹಳ್ಳಿಯಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟು ವಾರವಾದರೂ ಹೊಸದು ಬಾರದಿದ್ದರೆ ಅದಕ್ಕೆ ಲೈನ್‌ಮನ್ ಒಬ್ಬನೇ ಹೊಣೆಯಲ್ಲ. ಇತ್ತ 2025ರ ಏಪ್ರಿಲ್‌ನಿಂದ ವಿದ್ಯುತ್ ಕಂಪನಿಗಳ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗಾಗಿ ಪ್ರತಿ ಯೂನಿಟ್‌ಗೆ 36 ಪೈಸೆ ಹೇರಲು ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ ಒಪ್ಪಿತು. ಒಂದು ಕೈಯಿಂದ ಉಚಿತ, ಇನ್ನೊಂದು ಕೈಯಿಂದ ಮೇಲ್ತೆರಿಗೆ: ಗ್ರಾಹಕನಿಗೆ ತಾನು ನಿಜವಾಗಿ ಏನು ತೆರುತ್ತಿದ್ದೇನೆಂದೇ ತಿಳಿಯದಂಥ ಬಿಲ್.

ದಾರಿಯೇ ಇಲ್ಲವೆಂದಲ್ಲ. ಸೌರ ವಿದ್ಯುತ್ ಹೆಚ್ಚಾದಂತೆ ರಾಜ್ಯದ ಅನೇಕ ಕಡೆ ಪಂಪ್‌ಸೆಟ್ ಪೂರೈಕೆಯನ್ನು ರಾತ್ರಿಯಿಂದ ಹಗಲಿಗೆ ಸರಿಸಲಾಗಿದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆಗಳ ಫೀಡರ್ ಮತ್ತು ಪಂಪ್‌ಸೆಟ್ ಫೀಡರ್ ಬೇರೆಯಾದದ್ದೇ ಇದಕ್ಕೆ ಅನುವು ಮಾಡಿತು. ರೈತನಿಗೆ ಹಗಲು ನೀರು, ಗ್ರಿಡ್‌ಗೆ ಮಧ್ಯಾಹ್ನದ ಮಿಗತೆಗೊಂದು ಗಿರಾಕಿ. ಇಬ್ಬರಿಗೂ ಲಾಭವಾಗುವ ಇಂಥ ಹೊಂದಾಣಿಕೆ ಸುದ್ದಿಯಾಗುವುದೇ ಅಪರೂಪ. ಕೇಂದ್ರದ ಕುಸುಮ್ ಯೋಜನೆಯಡಿ ಉಪಕೇಂದ್ರದ ಬಳಿಯೇ ಸಣ್ಣ ಸೌರ ಘಟಕ ಕಟ್ಟಿ ಆ ಫೀಡರ್‌ನ ಪಂಪ್‌ಗಳನ್ನು ನಡೆಸುವ ಕೆಲಸಕ್ಕೆ ಇನ್ನಷ್ಟು ವೇಗ ಬರಬೇಕು.

ಸಂಜೆಯ ಕೊರತೆಗೆ ಉತ್ತರ ಹುಡುಕುವಾಗ ಮಾತ್ರ ಸರ್ಕಾರ ಮತ್ತೆ ಹಳೆಯ ಜಾಡು ಹಿಡಿದಿದೆ. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಸಿಂಗಳೀಕಗಳ ಅಭಯಾರಣ್ಯದಲ್ಲೇ ಕಟ್ಟಲು ಹೊರಟಿದೆ. ಸಂಗ್ರಹಣೆ ಬೇಕು, ನಿಜ. ಅಗ್ಗದ ಹೊತ್ತಿನ ವಿದ್ಯುತ್ತಿನಿಂದ ನೀರೆತ್ತಿ ಸಂಜೆ ಬಿಡುವ ತಂತ್ರವೂ ಸರಿ, ಮೇಲೆತ್ತಲು ಖರ್ಚಾದಷ್ಟು ವಿದ್ಯುತ್ ಮರಳಿ ಬಾರದಿದ್ದರೂ. ಆದರೆ ನಾಡಿನ ಬೆಳಕಿಗಾಗಿ ಆ ಕಣಿವೆ ಈಗಾಗಲೇ ಎಷ್ಟು ತೆತ್ತಿದೆ? ಲಿಂಗನಮಕ್ಕಿಯಲ್ಲಿ ಮುಳುಗಿದ ಊರುಗಳ ಜನ ಆರು ದಶಕ ಕಳೆದರೂ ಹಕ್ಕುಪತ್ರಕ್ಕಾಗಿ ಶಿವಮೊಗ್ಗದ ಕಚೇರಿಗಳಿಗೆ ಅಲೆಯುತ್ತಿದ್ದಾರೆ. ಹಿನ್ನೀರಿನಾಚೆ ಉಳಿದ ಸಿಗಂದೂರು ಸೀಮೆಯವರಿಗೆ ಲಾಂಚ್ ಕಾಯದೆ ದಾಟಲು ಒಂದು ಸೇತುವೆ ಸಿಕ್ಕಿದ್ದು 2025ರ ಜುಲೈನಲ್ಲಿ. ಉಪಕೇಂದ್ರಗಳಲ್ಲಿ ಬ್ಯಾಟರಿ ಇಡುವುದಕ್ಕೆ ವೆಚ್ಚವೆಷ್ಟು, ಬೇಡಿಕೆಯನ್ನೇ ಸಂಜೆಯಿಂದ ಸರಿಸಿದರೆ ಎಷ್ಟು ಉಳಿಯುತ್ತದೆ ಎಂಬ ಲೆಕ್ಕವನ್ನು ಜನರ ಮುಂದಿಟ್ಟು, ಕಾಡಿಗೆ ಕೈಹಾಕುವ ಮಾತನ್ನು ಆಮೇಲೆ ಆಡಬೇಕು.

ಆದ್ದರಿಂದ ಸರ್ಕಾರಗಳಿಂದ ಕೇಳಬೇಕಾದದ್ದು ಮೂರು ಸಂಗತಿ. ಒಂದು, ಯಾವ ಫೀಡರ್‌ಗೆ ಯಾವ ದಿನ, ಯಾವ ಹೊತ್ತಿನಲ್ಲಿ ವಿದ್ಯುತ್ ಕಡಿತವಾಯಿತೆಂಬ ಪಟ್ಟಿ ಪ್ರತಿ ತಿಂಗಳು ಕನ್ನಡದಲ್ಲಿ ಪ್ರಕಟವಾಗಲಿ. ಬೆಂಗಳೂರಿನ ಜಯನಗರಕ್ಕೆ ಎಷ್ಟು ನಿಮಿಷ, ರಾಯಚೂರಿನ ಹಳ್ಳಿಗೆ ಎಷ್ಟು ತಾಸು ಎಂದು ಎಲ್ಲರೂ ಹೋಲಿಸಿ ನೋಡಲಿ. ಎರಡು, ಪಂಪ್‌ಸೆಟ್‌ಗಳಿಗೆ ಇಲ್ಲವೇ ಕನಿಷ್ಠ ಅವುಗಳ ಟ್ರಾನ್ಸ್‌ಫಾರ್ಮರ್‌ಗಳಿಗೆ ಮೀಟರ್ ಬರಲಿ. ಬಿಲ್ ಸೊನ್ನೆಯೇ ಇರಲಿ, ಯೂನಿಟ್ ಎಷ್ಟೆಂದು ಗೊತ್ತಾಗಲಿ. ಮೂರು, ಕೇಂದ್ರ ತನ್ನ 2030ರ ಗುರಿಯ ಪಕ್ಕದಲ್ಲಿ ಸಂಜೆ ಏಳರಿಂದ ಹತ್ತರವರೆಗೆ ದೊರೆಯುವ ಸ್ವಚ್ಛ ವಿದ್ಯುತ್ತಿಗೂ ಒಂದು ಗುರಿ ಹಾಕಿಕೊಳ್ಳಲಿ.

ಇವನ್ನು ಕೇಳಲು ಚುನಾವಣೆಗೆ ಕಾಯಬೇಕಿಲ್ಲ. ದರ ಪರಿಷ್ಕರಣೆಗೆ ಮೊದಲು ವಿದ್ಯುತ್ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ, ಯಾವ ಗ್ರಾಹಕ ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಕೈಗಾರಿಕಾ ಸಂಘಗಳು ವಕೀಲರನ್ನೂ ಅಂಕಿಅಂಶಗಳನ್ನೂ ಹಿಡಿದು ಅಲ್ಲಿಗೆ ತಪ್ಪದೆ ಬರುತ್ತವೆ. ರೈತ ಸಂಘಗಳು, ಗ್ರಾಮ ಪಂಚಾಯಿತಿಗಳು ಕಡಿತದ ತಾಸುಗಳನ್ನು ದಿನಾಂಕ ಸಮೇತ ಬರೆದಿಟ್ಟುಕೊಂಡು ಅದೇ ವಿಚಾರಣೆಗೆ ಹೋದರೆ, ಎಸ್ಕಾಂಗಳು ಅಂದಾಜಿನ ಅಂಕಿಗಳನ್ನು ಬದಿಗಿಟ್ಟು ಆ ತಾಸುಗಳಿಗೆ ಉತ್ತರ ಹೇಳಬೇಕಾಗುತ್ತದೆ.