ಮೀನಿನ ಹುಣ್ಣಿಗೆ ಮದ್ದಿನಂಗಡಿಯೊಂದೇ ದಾರಿಯಲ್ಲ

ಮೀನಿನ ಮೈಮೇಲೆ ಕೆಂಪು ಮಚ್ಚೆ ಕಂಡ ಕೂಡಲೇ ಔಷಧಿ ಅಂಗಡಿಗೆ ಓಡುವುದುಂಟು. ಈ ಅಭ್ಯಾಸವನ್ನು ಬಿಡುವುದು ಲೇಸೆಂಬುದು ನನ್ನ ಅಭಿಪ್ರಾಯ. ಏಕೆಂಬುದನ್ನು ಅರಿಯಲು ರೋಗಾಣುವಿನ ಗುಣವನ್ನು ಮೊದಲು ತಿಳಿಯಬೇಕು.

ಏರೋಮೊನಾಸ್ ಎಂಬುದು ಬ್ಯಾಕ್ಟೀರಿಯಗಳ ಒಂದು ಕುಲ. ಆಕಾರ ಕಡ್ಡಿಯಂತೆ; ಹೆಚ್ಚಿನವು ಬಾಲದಂಥ ಒಂದೇ ಎಳೆಯಿಂದ ಈಜುತ್ತವೆ. ಗಾಳಿ ಇದ್ದರೂ ಇಲ್ಲದಿದ್ದರೂ ಬದುಕುತ್ತವೆ. ಚನ್ನಗಿರಿಯ ಸೂಳೆಕೆರೆಯಾಗಲಿ, ಹೊನ್ನಾಳಿಯ ತುಂಗಭದ್ರೆಯಾಗಲಿ, ನ್ಯಾಮತಿಯ ಕೃಷಿಹೊಂಡವಾಗಲಿ, ಸಿಹಿನೀರು ಇವುಗಳ ತವರು. ಆರೋಗ್ಯವಂತ ಮೀನಿನ ಕರುಳಿನಲ್ಲಿಯೂ ಇರುತ್ತವೆ. ಸಾಲ್ಮನಿಸಿಡ ಪ್ರಭೇದವು ತಣ್ಣೀರಿನ ಟ್ರೌಟ್ ಮೀನಿನ ಶತ್ರು. ನಮ್ಮ ಕಾಟ್ಲಾ, ರೋಹು, ಮೃಗಾಲ್ ಮೀನುಗಳನ್ನು ಹೆಚ್ಚಾಗಿ ಕಾಡುವುದು ಹೈಡ್ರೊಫಿಲ. 28 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತಲಿನ ಬಿಸುಪು ಅದಕ್ಕೆ ಹಿತ.

ಹಾಗಿದ್ದರೆ ಮೀನು ದಿನವೂ ಏಕೆ ಸಾಯುವುದಿಲ್ಲ? ಮೈಮೇಲಿನ ಲೋಳೆ ಮತ್ತು ಹುರುಪೆ ಕೋಟೆಯಂತೆ ಕಾಯುತ್ತವೆ. ಮರಿಗಳ ದಟ್ಟಣೆ, ಬಲೆಯ ಗಾಯ, ಅತಿಯಾದ ಸಗಣಿಗೊಬ್ಬರ, ಆಮ್ಲಜನಕದ ಕೊರತೆ ಇವು ಕೋಟೆಯನ್ನು ಒಡೆಯುತ್ತವೆ. ಆಗ ಹುಣ್ಣು, ಹೊಟ್ಟೆಯುಬ್ಬರ, ಎದ್ದು ನಿಂತ ಹುರುಪೆ, ಕೊಳೆತ ರೆಕ್ಕೆ ಕಾಣುತ್ತವೆ. 1988ರಲ್ಲಿ ಭಾರತಕ್ಕೆ ಬಂದ ಹುಣ್ಣುರೋಗದಲ್ಲಿಯೂ ಮೂಲ ಕಾರಣ ಶಿಲೀಂಧ್ರದಂಥ ಅಫನೊಮೈಸಿಸ್. ಏರೋಮೊನಾಸ್ ತೆರೆದ ಗಾಯದೊಳಗೆ ನುಗ್ಗುವ ಎರಡನೆಯ ಕಳ್ಳ.

ಕೆರೆಗೆ ಅರೆಬರೆ ಸುರಿದ ಜೀವಿರೋಧಕಕ್ಕೆ ಬಗ್ಗದೆ ಉಳಿದ ರೋಗಾಣುಗಳೇ ಸಂತತಿ ಬೆಳೆಸುತ್ತವೆ. ಆ ಗುಣವನ್ನು ಬೇರೆ ರೋಗಾಣುಗಳಿಗೂ ದಾಟಿಸಬಲ್ಲವು. ಈ ಕುಲದ ಹೆಚ್ಚಿನವುಗಳಿಗೆ ಆಂಪಿಸಿಲಿನ್ ಮೊದಲಿನಿಂದಲೇ ನಾಟುವುದಿಲ್ಲ. ಗಾಯವಾದ ಕೈಯಿಂದ ಕೆರೆಗಿಳಿದ ಮನುಷ್ಯನಿಗೂ ಇವು ತಗಲಬಹುದು. ಇಂದು ಕೆರೆಗೆ ಚೆಲ್ಲಿದ ಮದ್ದು ನಾಳೆ ನಮ್ಮ ಮಕ್ಕಳಿಗೆ ಕೆಲಸ ಮಾಡದಿದ್ದರೆ ದೂರುವುದು ಯಾರನ್ನು? ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್‌ಗಳಂತೂ ತಿನ್ನುವ ಮೀನಿಗೆ ನಿಷಿದ್ಧ.

ಮದ್ದು ಬೇಡವೇ ಬೇಡವೆಂದಲ್ಲ. ರೋಗ ಯಾವುದೆಂದು ಪರೀಕ್ಷೆಯಾಗಬೇಕು, ತಜ್ಞರು ಹೇಳಬೇಕು, ಆಮೇಲೆ ಮದ್ದು. ಅಂಥ ಪರೀಕ್ಷೆ ರೈತನಿಗೆ ಸಮೀಪದಲ್ಲಿ ಸಿಗುವಂತಾಗಬೇಕೆಂದು ಮೀನುಗಾರರ ಸಹಕಾರ ಸಂಘಗಳು ಒತ್ತಾಯಿಸುವುದು ನ್ಯಾಯ.

ಅಲ್ಲಿಯವರೆಗೆ ಕೈಯಲ್ಲಿರುವುದನ್ನು ಮಾಡೋಣ. ಎಕರೆ ನೀರಿಗೆ 2,000ದಿಂದ 2,500 ಬಲಿತ ಮರಿಗಳು ಸಾಕು. ಬಿಡುವ ಮೊದಲು 100 ಲೀಟರ್ ನೀರಿಗೆ 2 ಕಿಲೊ ಉಪ್ಪು ಕರಗಿಸಿ, ಒಂದೆರಡು ನಿಮಿಷ ಅದ್ದಿ ತೆಗೆಯಿರಿ. ಹೊಂಡ ಒಣಗಿದಾಗ ಕೆಸರು ಎತ್ತಿ ಸುಣ್ಣ ಹಾಕಿರಿ. ಮೀನು ಬೆಳಗ್ಗೆ ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಗೊಬ್ಬರ, ಆಹಾರ ನಿಲ್ಲಿಸಿ ಹೊಸ ನೀರು ಕೊಡಿರಿ. ಸತ್ತ ಮೀನನ್ನು ದಡದಲ್ಲಿ ಎಸೆಯದೆ ಸುಣ್ಣ ಹಾಕಿ ಹೂಳಿರಿ.

ಬರದ ಜಗಳೂರಿನಲ್ಲಿ 57 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆ ಹೊಸ ಆಸೆ ಹುಟ್ಟಿಸಿದೆ. ನೀರು ಬಂದಲ್ಲಿ ಮೀನೂ ಬರುತ್ತದೆ, ಮೀನಿನೊಡನೆ ಏರೋಮೊನಾಸ್ ಕೂಡ. ಅದನ್ನು ಕೆರೆಯಿಂದ ಓಡಿಸಲಾಗದು. ಅದಕ್ಕೆ ಬಾಗಿಲು ತೆರೆಯದಿರುವುದು ಮಾತ್ರ ನಮ್ಮ ಕೈಯಲ್ಲಿದೆ.