ಅಬ್ರಹಾಮ ಎದುರಾಡಿದ್ದನ್ನು ಯಾಕೆ ಮರೆಯುತ್ತೇವೆ?

ಅಬ್ರಹಾಮನ ಮಾತು ಬಂದರೆ ಸಾಕು, ಸೆಮಿನಾರುಗಳಲ್ಲಿ ಎಲ್ಲರೂ ಮೊರೀಯ ಬೆಟ್ಟ ಹತ್ತತೊಡಗುತ್ತಾರೆ. ದೇವರು ಮಗನನ್ನು ಬಲಿ ಕೇಳಿದ, ಮುದುಕ ಎದುರಾಡದೆ ಹೊರಟ, ಕೊನೇ ಗಳಿಗೆಯಲ್ಲಿ ದೇವದೂತ ಕೈ ತಡೆದ. ಇದೇ ನಂಬಿಕೆಯ ಪರಾಕಾಷ್ಠೆಯಂತೆ. 1843ರಲ್ಲಿ ಕೀರ್ಕೆಗಾರ್ಡ್ 'ಭಯ ಮತ್ತು ಕಂಪನ' ಬರೆದ ಮೇಲಂತೂ ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಅಬ್ರಹಾಮನೆಂದರೆ ಕತ್ತಿ ಎತ್ತಿದ ಕೈ ಮಾತ್ರ. (ಕೀರ್ಕೆಗಾರ್ಡ್ ಆ ಕತೆಯ ಮುಂದೆ ನಿಜಕ್ಕೂ ನಡುಗಿದವನು. ನಡುಕ ಬಿಟ್ಟು ನಂಬಿಕೆಯನ್ನಷ್ಟೇ ಎತ್ತಿಕೊಂಡವರು ನಾವು.) ನನ್ನ ತಕರಾರು ಇಷ್ಟೇ: ಯೆಹೂದ್ಯರ ಈ ಮೂಲಪಿತೃವನ್ನು ವಿಧೇಯತೆಯ ಮೂರ್ತಿ ಮಾಡಿ ಕೂರಿಸಿದವರು ಆದಿಕಾಂಡದಲ್ಲಿ ನಾಲ್ಕು ಅಧ್ಯಾಯ ಹಿಂದಕ್ಕೆ ಹೋಗಿ ಓದಬೇಕಿತ್ತು.

ಅಲ್ಲಿ, 18ನೇ ಅಧ್ಯಾಯದಲ್ಲಿ, ದೇವರು ಸೊದೋಮ್ ಪಟ್ಟಣವನ್ನು ನಾಶ ಮಾಡಲು ಹೊರಟಿದ್ದಾನೆ. ಅಬ್ರಹಾಮ ಅಡ್ಡ ನಿಲ್ಲುತ್ತಾನೆ. ಊರಿನಲ್ಲಿ 50 ಮಂದಿ ಒಳ್ಳೆಯವರಿದ್ದರೆ ಕೆಟ್ಟವರ ಜೊತೆ ಅವರನ್ನೂ ಕೊಲ್ಲುವುದು ಯಾವ ಸೀಮೆಯ ನ್ಯಾಯ ಎಂಬುದು ಅವನ ವಾದ. ದೇವರು ಒಪ್ಪುತ್ತಾನೆ. ಮುದುಕ ಬಿಡುವುದಿಲ್ಲ. 45, 40, 30, 20, ಕೊನೆಗೆ 10. ಸಂತೆಯಲ್ಲಿ ಚೌಕಾಸಿಗೆ ನಿಂತವನ ಪಟ್ಟು ಅದು. ಅವನ ಸೋದರನ ಮಗ ಲೋಟ ಆ ಊರಿನಲ್ಲಿದ್ದ, ನಿಜ. ಆದರೆ ಇಡೀ ಚೌಕಾಸಿಯಲ್ಲಿ ಅಬ್ರಹಾಮ ಅವನ ಹೆಸರೆತ್ತುವುದಿಲ್ಲ. ಪರಊರಿನ ಅಪರಿಚಿತರಿಗಾಗಿ ದೇವರನ್ನೇ ನ್ಯಾಯದ ಕಟಕಟೆಯಲ್ಲಿ ನಿಲ್ಲಿಸುತ್ತಾನೆ. ಪ್ರಳಯದ ಸುದ್ದಿ ಕೇಳಿಯೂ ಲೋಕಕ್ಕಾಗಿ ತುಟಿ ಪಿಟಕ್ಕೆನ್ನದೆ ನಾವೆ ಕಟ್ಟಿದ ನೋಹನ ಪಕ್ಕ ಅಬ್ರಹಾಮನನ್ನು ನಿಲ್ಲಿಸಿ 'ಝೋಹರ್' ಗ್ರಂಥ ಹೋಲಿಸುವುದು ಈ ಕಾರಣಕ್ಕೇ.

ಇಂಥವನು ಸ್ವಂತ ಮಕ್ಕಳ ವಿಷಯದಲ್ಲಿ ಬಾಯಿ ಬಿಡುವುದಿಲ್ಲ. 21ನೇ ಅಧ್ಯಾಯದಲ್ಲಿ ಬೆಳಗಿನ ಜಾವ ಎದ್ದು, ರೊಟ್ಟಿ ಮತ್ತು ನೀರಿನ ಚೀಲ ಕೊಟ್ಟು, ಹಾಗರಳನ್ನೂ ಇಷ್ಮಾಯೇಲನನ್ನೂ ಮರುಭೂಮಿಗೆ ಕಳಿಸುತ್ತಾನೆ. 22ನೇ ಅಧ್ಯಾಯದಲ್ಲಿ ಮತ್ತೆ ಬೆಳಗಿನ ಜಾವ ಎದ್ದು ಇಸಾಕನನ್ನು ಕರೆದೊಯ್ಯುತ್ತಾನೆ. ಎರಡೂ ಕಡೆ ಹೀಬ್ರೂವಿನಲ್ಲಿರುವುದು ಅದೇ ಮಾತು. ಆಮೇಲೆ ಏನಾಯಿತು? ಬೆಟ್ಟದಿಂದಿಳಿದ ಅಬ್ರಹಾಮನ ಜೊತೆ ಇಸಾಕನಿದ್ದನೆಂದು ಪಠ್ಯ ಹೇಳುವುದಿಲ್ಲ. ಅಪ್ಪ ಮಗ ಮತ್ತೆ ಮಾತಾಡಿದ್ದು ಎಲ್ಲೂ ಇಲ್ಲ. ದೇವರೂ ಅವನೊಂದಿಗೆ ನೇರವಾಗಿ ಇನ್ನೊಮ್ಮೆ ಮಾತಾಡುವುದಿಲ್ಲ. ಅಬ್ರಹಾಮ ಬೇರ್ಷೆಬದಲ್ಲಿ ನೆಲೆಸುತ್ತಾನೆ, ಸಾರಾ ಸಾಯುವುದು ಹೆಬ್ರೋನಿನಲ್ಲಿ. ಪರೀಕ್ಷೆ ಪಾಸಾದವನ ಮನೆ ಹೀಗಿರುತ್ತದೆಯೇ?

ನರಬಲಿಯನ್ನು ನಿಲ್ಲಿಸಿದ ಕತೆಯಲ್ಲವೇ ಇದು ಎಂದು ಕೇಳುವವರಿದ್ದಾರೆ. ಹಾಗೆ ಓದಿಕೊಂಡರೆ ನೆಮ್ಮದಿಯೇನೋ ಹೌದು. ಆದರೆ ದೇವದೂತ ಆಶೀರ್ವದಿಸುವುದು ಕತ್ತಿ ಕೆಳಗಿಟ್ಟದ್ದಕ್ಕಲ್ಲ, ಮಗನನ್ನು ಹಿಂದೆಗೆಯದೆ ಇದ್ದದ್ದಕ್ಕೆ. ಇಲ್ಲಿ ನಾನು ಪಠ್ಯದ ವಿರುದ್ಧವೇ ನಿಂತಿದ್ದೇನೆ. ಅಬ್ರಹಾಮನಿಂದಲೇ ಕಲಿತ ಚಾಳಿ ಎಂದುಕೊಳ್ಳಿ. 1798ರಲ್ಲಿ ಕಾಂಟ್ ಇನ್ನೂ ಸೀದಾ ಹೇಳಿದ್ದ: ಮಗನನ್ನು ಕೊಲ್ಲಬಾರದೆಂಬುದು ಖಚಿತ, ಕೇಳಿಸಿದ ದನಿ ದೇವರದೆಂಬುದು ಖಚಿತವಲ್ಲ, ಅಬ್ರಹಾಮ ಕೊಡಬೇಕಿದ್ದ ಉತ್ತರ ಇದು.

ಇದು ಕನ್ನಡದವರಿಗೆ ತೀರಾ ದೂರದ ಕತೆಯೂ ಅಲ್ಲ. ನಮ್ಮ ಸಿರಿಯಾಳನ ಕತೆಯ ತಮಿಳು, ತೆಲುಗು ರೂಪಗಳನ್ನು ಡೇವಿಡ್ ಶುಲ್ಮನ್ 1993ರಲ್ಲಿ ಒಂದು ಪುಸ್ತಕದಲ್ಲಿ ಮೊರೀಯದ ಕತೆಯ ಪಕ್ಕದಲ್ಲಿಟ್ಟು ಓದಿದರು. ಸಿರಿಯಾಳನ ಮನೆಯಲ್ಲಿ ಮಗನನ್ನು ಅಡಿಗೆ ಮಾಡುವಾಗ ತಾಯಿ ಚಂಗಳೆ ಒಲೆಯ ಮುಂದಿದ್ದಾಳೆ. ಮೊರೀಯದ ಅಧ್ಯಾಯದಲ್ಲಿ ಸಾರಾಳ ಹೆಸರೇ ಇಲ್ಲ.

ಆ ಗೈರುಹಾಜರಿ ಯೆಹೂದಿ ಪರಂಪರೆಯನ್ನು ಚುಚ್ಚಿದೆ. ಅದು ಈ ಘಟನೆಯನ್ನು ಬಲಿ ಎನ್ನುವುದಿಲ್ಲ, 'ಅಕೇದಾ' ಎನ್ನುತ್ತದೆ, ಎಂದರೆ ಕಟ್ಟುವುದು. ನಡೆದದ್ದನ್ನು ಇಸಾಕನಿಂದ ಕೇಳಿದ ಸಾರಾ ಆರು ಸಲ ಚೀರಿ ಪ್ರಾಣ ಬಿಟ್ಟಳು, ಹೊಸ ವರ್ಷದಂದು ಊದುವ ಶೋಫರ್ ಕೊಂಬಿನ ದನಿಗಳು ಆ ಚೀರಾಟಕ್ಕೆ ಸಮ ಎಂದು ಒಂದು ಮಿದ್ರಾಷ್ ಹೇಳುತ್ತದೆ. ಅದೇ ಹಬ್ಬದಲ್ಲಿ ಸಿನಗಾಗ್‌ಗಳಲ್ಲಿ ಮೊದಲ ದಿನ ಹಾಗರಳ ಅಧ್ಯಾಯ, ಎರಡನೇ ದಿನ ಮೊರೀಯದ ಅಧ್ಯಾಯ ಓದುತ್ತಾರೆ. ಕತೆಯನ್ನು ಕೊಂಡಾಡುವವರಿಗೂ ತಾಯಿಯ ಕೂಗು ಕೇಳಿಸಲೇಬೇಕು ಎಂಬ ಈ ಹಟ ನನಗೆ ಯಾವ ತತ್ತ್ವಜ್ಞಾನಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ.

ಇದೆಲ್ಲ ಬರೀ ವ್ಯಾಖ್ಯಾನದ ಜಗಳವಾಗಿದ್ದರೆ ನಾನು ಇಷ್ಟು ಕೂಗಾಡುತ್ತಿರಲಿಲ್ಲ. ಸಾರಾಳನ್ನು ಹೂಳಲು ಅಬ್ರಹಾಮ ಹೆಬ್ರೋನಿನಲ್ಲಿ 400 ಶೆಕೆಲ್ ಬೆಳ್ಳಿ ಕೊಟ್ಟು ಮಕ್ಪೇಲದ ಗವಿ ಕೊಂಡ. ತಾನು ಪರದೇಶಿ ಎಂದು ಹೇಳಿಕೊಂಡು, ಆ ನೆಲದ ಜನಕ್ಕೆ ತಲೆಬಾಗಿ ಕೊಂಡ. 1994ರ ಫೆಬ್ರುವರಿ 25ರಂದು ಅದೇ ಜಾಗದ ಇಬ್ರಾಹಿಮಿ ಮಸೀದಿಯಲ್ಲಿ ಬಾರೂಕ್ ಗೋಲ್ಡ್‌ಸ್ಟೈನ್ ಎಂಬಾತ ಪ್ರಾರ್ಥನೆಗೆ ಬಗ್ಗಿದ್ದ 29 ಮಂದಿ ಪ್ಯಾಲೆಸ್ತೀನಿಯರನ್ನು ಗುಂಡಿಟ್ಟು ಕೊಂದ. ಅವನ ಗೋರಿಗೆ ಕೈಮುಗಿಯಲು ಹೋದವರೂ ಇದ್ದರು. 50ರಿಂದ 10ಕ್ಕೆ ಇಳಿಸಿ ಇಳಿಸಿ ಜೀವ ಉಳಿಸಲು ನೋಡಿದವನ ಹೆಸರಿನ ಜಾಗದಲ್ಲಿ ಈ ಕೆಲಸ.

ಅಬ್ರಹಾಮನನ್ನು ಹೂಳಿದ್ದೂ ಆ ಗವಿಯಲ್ಲೇ, ಹೂಳಿದವರು ಇಸಾಕ ಮತ್ತು ಇಷ್ಮಾಯೇಲ, ಇಬ್ಬರೂ ಕೂಡಿ. ಈಗ ಆ ಕಟ್ಟಡವನ್ನು ಎರಡು ಭಾಗ ಮಾಡಿದ್ದಾರೆ. ಯೆಹೂದ್ಯರಿಗೆ ಒಂದು ಬಾಗಿಲು, ಮುಸ್ಲಿಮರಿಗೆ ಇನ್ನೊಂದು, ಎರಡರಲ್ಲೂ ಸೈನಿಕರ ತಪಾಸಣೆ.